ಮೂತ್ರಪಿಂಡದ ಗಡ್ಡೆ: ಸೂಜಿ ಪರೀಕ್ಷೆ ಯಾವಾಗ ಬೇಕು?

ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದಾಗ ಮೂತ್ರಪಿಂಡದಲ್ಲಿ ಗಡ್ಡೆಯೊಂದು ಆಕಸ್ಮಿಕವಾಗಿ ಕಾಣಿಸುವುದುಂಟು. ಇಂತಹ ವರದಿ ಹಿಡಿದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ರೋಗಿಗಳು ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಬರುತ್ತಾರೆ. ಆಗ ಮನೆಯವರನ್ನು ಎರಡು ಪ್ರಶ್ನೆಗಳು ಕಾಡುತ್ತವೆ. ಇದು ಕ್ಯಾನ್ಸರೇ? ಸೂಜಿ ಚುಚ್ಚಿದರೆ ರೋಗ ಹರಡುವುದೇ?

ಚಿತ್ರ ಹೇಳುವುದೆಷ್ಟು?

ಸಿ.ಟಿ. ಸ್ಕ್ಯಾನ್ ಅಂಗಾಂಶಗಳು ಎಕ್ಸ್ ಕಿರಣವನ್ನು ಎಷ್ಟು ಹೀರುತ್ತವೆಂಬುದನ್ನು ಅಳೆಯುತ್ತದೆ. ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರು 0, ಗಾಳಿ -1000. ಕೊಬ್ಬಿನ ಬೆಲೆ ಸೊನ್ನೆಗಿಂತ ಕಡಿಮೆ. ಗಡ್ಡೆಯೊಳಗೆ ಕೊಬ್ಬು ಸ್ಪಷ್ಟವಾಗಿ ಕಂಡರೆ ಅದು ಸಾಮಾನ್ಯವಾಗಿ ಆಂಜಿಯೋಮಯೋಲಿಪೋಮಾ ಎಂಬ ನಿರಪಾಯಕಾರಿ ಗಡ್ಡೆ. ಅಲ್ಲಿ ಸೂಜಿ ಬೇಕಿಲ್ಲ. ಆದರೆ ಆಂಕೋಸೈಟೋಮಾ ಎಂಬ ಇನ್ನೊಂದು ನಿರಪಾಯಕಾರಿ ಗಡ್ಡೆ ಚಿತ್ರದಲ್ಲಿ ಕ್ಯಾನ್ಸರಿನಂತೆಯೇ ಕಾಣುತ್ತದೆ. ಕ್ಯಾನ್ಸರೆಂದು ಶಂಕಿಸಿ ತೆಗೆದ 4 ಸೆಂ.ಮೀ.ಗಿಂತ ಚಿಕ್ಕ ಗಡ್ಡೆಗಳಲ್ಲಿ ಸುಮಾರು ಐದರಲ್ಲಿ ಒಂದು ನಿರಪಾಯಕಾರಿ. ಅದಕ್ಕಾಗಿ ಮೂತ್ರಪಿಂಡವನ್ನೇ ಕಳೆದುಕೊಂಡರೆ ಅದು ತುಂಬಲಾರದ ನಷ್ಟ.

ಸೂಜಿಯ ಕೆಲಸ

ರೋಗಿಯನ್ನು ಸಾಮಾನ್ಯವಾಗಿ ಬೋರಲಾಗಿ ಮಲಗಿಸಿ, ಚರ್ಮಕ್ಕೆ ಅರಿವಳಿಕೆ ಕೊಡುತ್ತಾರೆ. ಶ್ರವಣಾತೀತ ಧ್ವನಿಯ ಅಲೆಗಳು ದೇಹದಲ್ಲಿ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗುತ್ತವೆ. ಲೋಹದ ಸೂಜಿ ಅವನ್ನು ಬಲವಾಗಿ ಪ್ರತಿಫಲಿಸುವುದರಿಂದ ಪರದೆಯ ಮೇಲೆ ಹೊಳೆಯುವ ಗೆರೆಯಾಗಿ ಕಾಣುತ್ತದೆ. ಉಸಿರಾಟದೊಂದಿಗೆ ಮೂತ್ರಪಿಂಡವೂ ಮೇಲೆ ಕೆಳಗೆ ಸರಿಯುವುದರಿಂದ, ರೋಗಿ ಕ್ಷಣಕಾಲ ಉಸಿರು ಹಿಡಿಯಬೇಕು. ಸ್ಪ್ರಿಂಗ್ ಬಲದಿಂದ ಚಿಮ್ಮುವ, ಸುಮಾರು 1.2 ಮಿ.ಮೀ. ವ್ಯಾಸದ 18 ಗೇಜ್ ಸೂಜಿ ದಾರದಷ್ಟು ತೆಳುವಾದ ಅಂಗಾಂಶದ ಎಳೆಯನ್ನು ಕತ್ತರಿಸಿ ತರುತ್ತದೆ. ಕನಿಷ್ಠ ಎರಡು ಎಳೆ ತೆಗೆಯುವುದು ರೂಢಿ. ಅವನ್ನು ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ.

ಸೂಜಿಯ ಹಾದಿಯಲ್ಲಿ ಕ್ಯಾನ್ಸರ್ ಕೋಶಗಳು ನೆಲೆಸಿದ ಉದಾಹರಣೆಗಳು ಇವೆಯಾದರೂ ಅವು ಬಹಳ ವಿರಳ. ಹೊರಕೊಳವೆಯೊಂದನ್ನು ಮೊದಲೇ ನಿಲ್ಲಿಸಿ ಅದರ ಮೂಲಕ ಸೂಜಿಯನ್ನು ತೂರಿಸಿದರೆ ಈ ಅಪಾಯ ಇನ್ನೂ ಕಡಿಮೆ. ಹೆಚ್ಚಾಗಿ ಕಾಣುವ ತೊಡಕು ರಕ್ತಸ್ರಾವ. ಬಹುಪಾಲು ತಾನಾಗಿ ನಿಲ್ಲುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಉತ್ತರದ ಮಿತಿ

‘ಕ್ಯಾನ್ಸರ್ ಇದೆ’ ಎಂಬ ಉತ್ತರವನ್ನು ಬಹುಮಟ್ಟಿಗೆ ನಂಬಬಹುದು. ಆದರೆ ‘ಏನೂ ಸಿಗಲಿಲ್ಲ’ ಎಂದರೆ ‘ರೋಗವಿಲ್ಲ’ ಎಂದಲ್ಲ. ಸೂಜಿ ಗಡ್ಡೆಯ ಪಕ್ಕದಲ್ಲೋ ಅದರ ಸತ್ತ ಭಾಗದಲ್ಲೋ ಹೊಕ್ಕಿರಬಹುದು. ಆಗ ಮರುಪರೀಕ್ಷೆ ಬೇಕಾದೀತು.

ಯಾವುದೇ ಅಳತೆಗೆ ಅರ್ಥ ಬರುವುದು ಅದರ ಫಲದಿಂದ ನಮ್ಮ ನಿರ್ಧಾರ ಬದಲಾಗುವಂತಿದ್ದಾಗ. ಚಿಕ್ಕ ಗಡ್ಡೆಯನ್ನು ಕಾದು ನೋಡಬೇಕೆ, ಶಾಖದಿಂದ ಸುಡಬೇಕೆ ಎಂದು ತೀರ್ಮಾನಿಸುವಾಗ, ಅದು ಬೇರೆ ಅಂಗದಿಂದ ಹರಡಿದ ಕ್ಯಾನ್ಸರೋ, ಲಿಂಫೋಮಾವೋ ಎಂಬ ಅನುಮಾನವಿದ್ದಾಗ, ರೋಗ ಹರಡಿದ್ದು ಔಷಧ ಆರಿಸಬೇಕಾದಾಗ ಸೂಜಿ ಪರೀಕ್ಷೆ ಉಪಯುಕ್ತ. ಹೇಗಿದ್ದರೂ ಶಸ್ತ್ರಚಿಕಿತ್ಸೆ ಅಗತ್ಯವಿರುವ ದೊಡ್ಡ ಗಡ್ಡೆಗೆ ಅದು ಸಾಮಾನ್ಯವಾಗಿ ಬೇಡ. ಆದ್ದರಿಂದ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಇದು: ‘ಈ ಪರೀಕ್ಷೆಯ ಉತ್ತರದಿಂದ ಚಿಕಿತ್ಸೆ ಬದಲಾಗುವುದೇ?’

ಹೊಗೆಸೊಪ್ಪು ಬೆಳೆಯುವ ಈ ಸೀಮೆಯ ಶಾಲೆಗಳಲ್ಲಿ ಶಿಕ್ಷಕರು ಇನ್ನೆರಡು ಮಾತು ಹೇಳಬೇಕು. ಧೂಮಪಾನ ಮೂತ್ರಪಿಂಡದ ಕ್ಯಾನ್ಸರಿಗೂ ಒಂದು ಕಾರಣ. ಮೂತ್ರದಲ್ಲಿ ರಕ್ತ ಒಮ್ಮೆ ಕಂಡು ನಿಂತರೂ, ನೋವಿಲ್ಲದಿದ್ದರೂ, ವೈದ್ಯರನ್ನು ಕಾಣಲೇಬೇಕು.