ದೆವ್ವದ ಸಿನಿಮಾಗಳನ್ನು ಉಳಿಸುವವರು ಯಾರು?

ಅರವತ್ತು ದಾಟಿದ, ಪಿಂಚಣಿಯ ಮೇಲೆ ಬದುಕುವ ಮನುಷ್ಯನೊಬ್ಬ ತನಗೆ ದೆವ್ವದ ಸಿನಿಮಾಗಳೆಂದರೆ ಪ್ರೀತಿ ಎಂದು ಹೇಳಿಕೊಂಡರೆ ಕೇಳುವವರು ಮುಗುಳ್ನಗುವುದು ಸಹಜ. ನನ್ನ ಮನೆಯಲ್ಲಂತೂ ಇದು ಹಳೆಯ ತಮಾಷೆ. ಅತಿಥಿಗಳು ಬರುವ ದಿನ ನನ್ನ ಕಪಾಟಿನಲ್ಲಿ ಸತ್ಯಜಿತ್ ರಾಯ್, ಕುರೊಸಾವಾ ಅವರ ಚಿತ್ರಗಳ ಡಿವಿಡಿಗಳು ಮುಂದಿನ ಸಾಲಿಗೆ ಬರುತ್ತವೆ. 'ಪುರಾನಾ ಮಂದಿರ್', 'ವೀರಾನಾ', 'ಬಂದ್ ದರ್ವಾಜಾ'ಗಳು ಹಿಂದಿನ ಸಾಲಿಗೆ ಸರಿಯುತ್ತವೆ. ಹಾಗೆ ಸರಿಸುವವಳು ನನ್ನ ಪತ್ನಿ. ಆಕೆಯನ್ನು ದೂರಲಾರೆ. ಸಮಾಜವೂ ತನ್ನ ನೆನಪುಗಳನ್ನು ಬಹುಮಟ್ಟಿಗೆ ಇದೇ ಕ್ರಮದಲ್ಲಿ ಜೋಡಿಸಿಡುತ್ತದೆ. ಆದರೆ ಮನೆಯ ಕಪಾಟಿನ ಹಿಂದಿನ ಸಾಲು ಅತಿಥಿಗಳು ಹೋದ ಮೇಲೂ ಅಲ್ಲೇ ಇರುತ್ತದೆ. ಸಮಾಜದ ಹಿಂದಿನ ಸಾಲು ಗುಜರಿ ಅಂಗಡಿಗೆ ಹೋಗಿಬಿಡುತ್ತದೆ. ನನ್ನ ಆತಂಕ ಇರುವುದು ಇಲ್ಲಿ.

ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಸರ್ಕಾರಿ ನೌಕರಿಗೆ ಸೇರಿದ ಹೊಸತು. 1985ರಲ್ಲಿ ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ನನಗೆ ಮನರಂಜನಾ ತೆರಿಗೆಯ ತಪಾಸಣೆಯ ಕೆಲಸ ಬಿದ್ದಿತ್ತು. ಮುನ್ಸೂಚನೆಯಿಲ್ಲದೆ ಚಿತ್ರಮಂದಿರಕ್ಕೆ ಹೋಗಿ, ಮಾರಾಟವಾದ ಟಿಕೆಟ್‌ಗಳಿಗೂ ಒಳಗೆ ಕುಳಿತ ತಲೆಗಳಿಗೂ ತಾಳೆ ನೋಡುವುದು ಆ ಕೆಲಸದ ತಿರುಳು. ಒಂದು ರಾತ್ರಿ ಊರ ಹೊರಗಿನ ಟೂರಿಂಗ್ ಟಾಕೀಸಿಗೆ ಹೋದೆ. ನೆಲ, ಬೆಂಚು, ಕುರ್ಚಿ ಎಂಬ ಮೂರು ವರ್ಗಗಳಲ್ಲಿ ನೆಲವೇ ತುಂಬಿ ತುಳುಕುತ್ತಿತ್ತು. ಹಮಾಲರು, ಗಾಡಿ ಹೊಡೆಯುವವರು, ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡ ಹೆಂಗಸರು. ಪರದೆಯ ಮೇಲೆ ಹಿಂದಿನ ವರ್ಷ ಬಿಡುಗಡೆಯಾಗಿದ್ದ 'ಪುರಾನಾ ಮಂದಿರ್'. ಎಣಿಕೆ ಮುಗಿಸಿ ಹೊರಡಬೇಕಾಗಿದ್ದ ನಾನು ಕೊನೆಯ ರೀಲಿನವರೆಗೂ ಅಲ್ಲೇ ನಿಂತೆ.

ಕಥೆ ಬಹಳ ಸರಳ. ಸಾಮ್ರಿ ಎಂಬ ದುಷ್ಟನ ತಲೆಯನ್ನು ಕತ್ತರಿಸಿ ಪೆಟ್ಟಿಗೆಯಲ್ಲಿಟ್ಟು, ಮುಂಡವನ್ನು ಹಳೆಯ ಗುಡಿಯ ಹಿಂದೆ ಹೂಳಲಾಗಿದೆ. ಅವನ ಶಾಪದಿಂದ ರಾಜಮನೆತನದ ಹೆಣ್ಣುಮಕ್ಕಳು ಹೆರಿಗೆಯಲ್ಲಿ ಸಾಯುತ್ತಾರೆ. ನಡುವೆ ಯಾವ ಸಂಬಂಧವೂ ಇಲ್ಲದೆ 'ಶೋಲೆ'ಯ ಅಣಕವೊಂದು ಜಗದೀಪ್ ಅವರ ನೇತೃತ್ವದಲ್ಲಿ ಬಂದುಹೋಗುತ್ತದೆ. ಸಾಮ್ರಿಯ ಪಾತ್ರ ವಹಿಸಿದ್ದವರು ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿದ ಅಜಯ್ ಅಗರ್‌ವಾಲ್. ಮುಂದೆ ಅನಿರುದ್ಧ್ ಅಗರ್‌ವಾಲ್ ಎಂಬ ಹೆಸರಿನಿಂದ ಶೇಖರ್ ಕಪೂರ್ ಅವರ 'ಬ್ಯಾಂಡಿಟ್ ಕ್ವೀನ್' ಚಿತ್ರದಲ್ಲಿಯೂ ಅವರು ನಟಿಸಿದರು. ಅವರ ಎತ್ತರದ ದೇಹ ಪರದೆಯ ಮೇಲೆ ಕಾಣಿಸಿಕೊಂಡಾಗ ಆ ಟೆಂಟಿನಲ್ಲಿ ಹುಟ್ಟಿದ ಮೌನ ನನಗೆ ಇಂದಿಗೂ ನೆನಪಿದೆ. ರೀಲು ಬದಲಿಸಲು ದೀಪ ಹತ್ತಿದಾಗ ಅಷ್ಟೂ ಜನ ಪರಸ್ಪರ ಮುಖ ನೋಡಿಕೊಂಡು ನಕ್ಕರು. ಹಗಲಿನಲ್ಲಿ ಸಾಲಗಾರನಿಗೆ, ಗೌಡನಿಗೆ, ನನ್ನಂಥ ಅಧಿಕಾರಿಗೆ ಹೆದರುವ ಜನ ರಾತ್ರಿ ತಾವೇ ದುಡ್ಡು ಕೊಟ್ಟು, ಒಟ್ಟಾಗಿ ಹೆದರಿ, ಒಟ್ಟಾಗಿ ನಕ್ಕು ಮನೆಗೆ ಹೋಗುತ್ತಿದ್ದರು. ನನ್ನ ಪ್ರೀತಿ ಆರಂಭವಾದದ್ದು ಆ ನಗುವಿನಿಂದ.

ಈ ಚಿತ್ರಗಳ ಹಿಂದಿನ ಕುಟುಂಬದ ಕಥೆ ಯಾವ ಉದ್ಯಮಶೀಲತೆಯ ಪಠ್ಯಕ್ಕೂ ಕಡಿಮೆಯದಲ್ಲ. ಕರಾಚಿಯಲ್ಲಿ ರೇಡಿಯೊ ಅಂಗಡಿ ಇಟ್ಟುಕೊಂಡಿದ್ದ ಎಫ್.ಯು. ರಾಮ್‌ಸಿಂಘಾನಿ ದೇಶ ವಿಭಜನೆಯ ನಂತರ ಮುಂಬೈಗೆ ಬಂದವರು. ಬ್ರಿಟಿಷ್ ಗಿರಾಕಿಗಳ ನಾಲಿಗೆಗೆ ಒಗ್ಗುವಂತೆ ಅವರ ಹೆಸರು 'ರಾಮ್ಸೆ' ಆಗಿತ್ತು. ಅವರು ನಿರ್ಮಿಸಿದ 'ಏಕ್ ನನ್ಹೀ ಮುನ್ನೀ ಲಡ್ಕೀ ಥೀ' 1970ರಲ್ಲಿ ಸೋತಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ವಿಕಾರ ಮುಖವಾಡ ಧರಿಸಿ ಕಳ್ಳತನ ಮಾಡುವ ಒಂದು ದೃಶ್ಯಕ್ಕಾಗಿಯೇ ಜನ ಬರುತ್ತಿದ್ದುದನ್ನು ಅವರ ಮಕ್ಕಳು ಗಮನಿಸಿದರು. ಆ ಒಂದು ದೃಶ್ಯವನ್ನೇ ಇಡೀ ಚಿತ್ರವಾಗಿ ಹಿಗ್ಗಿಸಿದರೆ ಹೇಗೆ? 1972ರಲ್ಲಿ 'ದೋ ಗಜ್ ಜಮೀನ್ ಕೇ ನೀಚೇ' ಹುಟ್ಟಿದ್ದು ಹೀಗೆ. ಮಹಾಬಲೇಶ್ವರದ ಅತಿಥಿಗೃಹವೊಂದೇ ಅವರ ಸ್ಟುಡಿಯೊ. ಏಳು ಮಂದಿ ಸಹೋದರರು ನಿರ್ದೇಶನ, ಬರವಣಿಗೆ, ಕ್ಯಾಮೆರಾ, ಧ್ವನಿ, ಸಂಕಲನಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡರು. ಮನೆಯ ಹೆಂಗಸರು ತಂಡಕ್ಕೆ ಅಡುಗೆ ಮಾಡಿ ಬಡಿಸಿದರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇದನ್ನು ನೋಡಿದರೆ ಅಚ್ಚರಿಯಾಗುತ್ತದೆ. ತಾರೆಯರ ಸಂಭಾವನೆಯೇ ಬಂಡವಾಳದ ಬಹುಪಾಲನ್ನು ನುಂಗುವ ಉದ್ಯಮದಲ್ಲಿ ಇವರು ತಾರೆಯೇ ಇಲ್ಲದ ಸರಕನ್ನು ಮಾರಿದರು. ಭಯಕ್ಕೆ ಕಾಲ್‌ಶೀಟ್ ಬೇಕಿಲ್ಲ. ಮಂಜು, ಮುರಿದ ಬಾಗಿಲು, ಕೆಂಪು ದೀಪ, ರಬ್ಬರಿನ ಮುಖವಾಡ ಸಾಕು. ದೊಡ್ಡ ಚಿತ್ರಗಳು ನಗರಗಳ ಒಳ್ಳೆಯ ಚಿತ್ರಮಂದಿರಗಳಿಗಾಗಿ ಕಾದಾಡುತ್ತಿದ್ದಾಗ ಇವು ಸಣ್ಣ ಊರುಗಳ ಗಲ್ಲಾಪೆಟ್ಟಿಗೆಯನ್ನು ನಂಬಿದವು. ತಪಾಸಣೆಗೆ ಹೋಗುತ್ತಿದ್ದ ನನಗೆ ದಿನದ ಕಲೆಕ್ಷನ್ ವರದಿಗಳಲ್ಲಿ ಈ ಲೆಕ್ಕ ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತು. ಪತ್ರಿಕೆಗಳ ವಿಮರ್ಶೆಯಲ್ಲಿ ಎರಡು ಸಾಲಿಗೂ ಅರ್ಹವಲ್ಲವೆನಿಸಿದ ಚಿತ್ರಗಳು ರಾಜ್ಯದ ಬೊಕ್ಕಸಕ್ಕೆ ಪ್ರಾಮಾಣಿಕವಾಗಿ ತೆರಿಗೆ ತರುತ್ತಿದ್ದವು.

ಹಾಗೆಂದು ಇವುಗಳ ದೋಷಗಳನ್ನು ಮುಚ್ಚಿಡುವುದು ಅಪ್ರಾಮಾಣಿಕತೆಯಾದೀತು. ಹೆಣ್ಣಿನ ದೇಹವನ್ನು ಈ ಚಿತ್ರಗಳು ನಾಚಿಕೆಯಿಲ್ಲದೆ ಬಳಸಿಕೊಂಡವು. ಬುಡಕಟ್ಟಿನ ಜನರನ್ನು ನಗೆಪಾಟಲು ಮಾಡಿದವು. ಮಾಂತ್ರಿಕರನ್ನೂ ತ್ರಿಶೂಲವನ್ನೂ ಸಕಲ ಸಮಸ್ಯೆಗಳಿಗೆ ಪರಿಹಾರವೆಂಬಂತೆ ತೋರಿಸಿದವು. 'ಇದನ್ನೆಲ್ಲ ನೀವು ಹೇಗೆ ನೋಡುತ್ತೀರಪ್ಪಾ' ಎಂದು ನನ್ನ ಮಗಳು ಕೇಳಿದಾಗ ನನ್ನಲ್ಲಿ ಸಮರ್ಪಕ ಉತ್ತರವಿರಲಿಲ್ಲ. ಇಂದಿಗೂ ಪೂರ್ಣವಾಗಿ ಇಲ್ಲ. ಆದರೆ ಒಂದು ಕಾಲದ ಜನ ಯಾವುದಕ್ಕೆ ಹೆದರುತ್ತಿದ್ದರು, ಯಾವುದನ್ನು ಕದ್ದು ನೋಡುತ್ತಿದ್ದರು, ಯಾರನ್ನು ಕಂಡು ನಗುತ್ತಿದ್ದರು ಎಂಬುದಕ್ಕೆ ಪ್ರಶಸ್ತಿ ಪಡೆದ ಚಿತ್ರಗಳಿಗಿಂತ ಇವೇ ನೇರವಾದ ಸಾಕ್ಷಿ. ಸಾಕ್ಷಿ ಸಭ್ಯನಲ್ಲವೆಂದು ಅವನ ಹೇಳಿಕೆಯನ್ನು ಹರಿದುಹಾಕುವ ನ್ಯಾಯಾಲಯ ಎಲ್ಲಿಯೂ ಇರಲಾರದು.

ಹರಿದುಹಾಕಿದ ಪ್ರಸಂಗವೂ ಸಿನಿಮಾ ಚರಿತ್ರೆಯಲ್ಲಿ ಇಲ್ಲದಿಲ್ಲ. ಜರ್ಮನಿಯ ಮುರ್ನೌ 1922ರಲ್ಲಿ 'ನೊಸ್‌ಫೆರಾಟು' ತೆಗೆದರು. 'ಡ್ರಾಕುಲಾ' ಕಾದಂಬರಿಯ ಹಕ್ಕು ಪಡೆಯದೆ ಮಾಡಿದ ಚಿತ್ರವೆಂದು ಕಾದಂಬರಿಕಾರ ಬ್ರಾಮ್ ಸ್ಟೋಕರ್ ಅವರ ಪತ್ನಿ ಮೊಕದ್ದಮೆ ಹೂಡಿ ಗೆದ್ದರು. ಎಲ್ಲ ಪ್ರತಿಗಳನ್ನೂ ನಾಶಪಡಿಸಬೇಕೆಂದು 1925ರಲ್ಲಿ ನ್ಯಾಯಾಲಯ ಆದೇಶಿಸಿತು. ಅಲ್ಲಿ ಇಲ್ಲಿ ಚದುರಿಹೋಗಿದ್ದ ಕೆಲವು ಪ್ರತಿಗಳು ಆದೇಶದ ಕೈಗೆ ಸಿಗದೆ ಉಳಿದವು. ಇಂದು ಜಗತ್ತಿನ ಯಾವ ಸಿನಿಮಾ ಪಠ್ಯಕ್ರಮವೂ ಆ ಚಿತ್ರವನ್ನು ಬಿಟ್ಟು ಪೂರ್ಣವಾಗದು.

ಅಮೆರಿಕದ ಉದಾಹರಣೆ ಇನ್ನೂ ಕುತೂಹಲಕರ. ಪಿಟ್ಸ್‌ಬರ್ಗ್ ಪರಿಸರದಲ್ಲಿ ಜಾರ್ಜ್ ರೊಮೆರೊ ಮತ್ತು ಗೆಳೆಯರು ಅತ್ಯಲ್ಪ ಹಣದಲ್ಲಿ ತಯಾರಿಸಿದ 'ನೈಟ್ ಆಫ್ ದ ಲಿವಿಂಗ್ ಡೆಡ್' 1968ರಲ್ಲಿ ತೆರೆಕಂಡಿತು. ಹಂಚಿಕೆದಾರರು ಚಿತ್ರದ ಹೆಸರನ್ನು ಬದಲಿಸುವಾಗ ಶೀರ್ಷಿಕೆಯ ಜೊತೆಗಿದ್ದ ಹಕ್ಕುಸ್ವಾಮ್ಯದ ಸಾಲೂ ಅಳಿಸಿಹೋಯಿತು. ಅಂದಿನ ಕಾನೂನಿನಂತೆ ಆ ಒಂದು ಸಾಲು ಇಲ್ಲದ ಚಿತ್ರ ಸಾರ್ವಜನಿಕರ ಸೊತ್ತಾಯಿತು. ನಿರ್ಮಾಪಕರಿಗೆ ಅದು ದೊಡ್ಡ ನಷ್ಟ. ಚಿತ್ರಕ್ಕೆ ಮಾತ್ರ ಅದೇ ದೀರ್ಘಾಯುಷ್ಯ. ಯಾರು ಬೇಕಾದರೂ ಪ್ರತಿ ತೆಗೆಯಬಹುದಾದ್ದರಿಂದ ಅದು ಎಲ್ಲೆಡೆ ಹರಡಿತು. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಇಂಥ ಚಿತ್ರಗಳನ್ನೇ ಇಂಗ್ಲಿಷಿನವರು 'ಕಲ್ಟ್' ಎಂದು ಕರೆಯುವುದು. ಸಂಸ್ಥೆಗಳು ಕೈಬಿಟ್ಟಾಗ ಹಿಡಿಯಷ್ಟು ಭಕ್ತರು ಕೈಹಿಡಿದು ನಡೆಸಿದ ಚಿತ್ರಗಳು ಎಂದು ಅದರ ಅರ್ಥವನ್ನು ವಿವರಿಸಬಹುದು.

ನಮ್ಮಲ್ಲಿ ಅಂಥ ಅದೃಷ್ಟ ಎಷ್ಟು ಚಿತ್ರಗಳಿಗಿದೆ? ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನಾ' ಇಂದು ನೋಡಲು ಲಭ್ಯವಿಲ್ಲ. ದೇಶದ ಮೊದಲ ವಾಕ್ಚಿತ್ರ 'ಆಲಂ ಆರಾ' (1931) ಕೂಡ ಇಲ್ಲ. ಬಹಳಷ್ಟು ಹಳೆಯ ರೀಲುಗಳನ್ನು ಅವುಗಳಲ್ಲಿದ್ದ ಬೆಳ್ಳಿಗಾಗಿ ಕರಗಿಸಲಾಯಿತು. ಆ ಚಿತ್ರಗಳು ತಮ್ಮ ಕಾಲದಲ್ಲಿ ಪರಂಪರೆಯಾಗಿರಲಿಲ್ಲ. ಓಡಿ ಮುಗಿದ ಸರಕಾಗಿದ್ದವು ಅಷ್ಟೆ. ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಅವರ ದೊಡ್ಡತನ ಇರುವುದು ಈ ತಿಳಿವಳಿಕೆಯಲ್ಲಿ. ಒಳ್ಳೆಯದು, ಕೆಟ್ಟದ್ದು ಎಂದು ಆರಿಸದೆ ಸಿಕ್ಕಿದ್ದನ್ನೆಲ್ಲ ಕೂಡಿಡಬೇಕು ಎಂಬುದು ಅವರ ನಿಲುವಾಗಿತ್ತು.

ಈ ವಿವೇಕ ನನಗೆ ಸಕಾಲದಲ್ಲಿ ಇರಲಿಲ್ಲ. 1991ರಲ್ಲಿ ಬಡ್ತಿ ಪಡೆದು ಅದೇ ತಾಲ್ಲೂಕಿಗೆ ಮರಳಿದಾಗ ಆ ಟೂರಿಂಗ್ ಟಾಕೀಸು ಮುಚ್ಚಿತ್ತು. ತೆರಿಗೆ ಬಾಕಿ ಉಳಿದಿತ್ತು. ಬಾಕಿ ವಸೂಲಿಗಾಗಿ ಪ್ರೊಜೆಕ್ಟರು, ಬೆಂಚುಗಳು, ಟೆಂಟಿನ ಬಟ್ಟೆಗಳನ್ನು ಜಪ್ತಿ ಮಾಡಿದೆವು. ಮೂಲೆಯಲ್ಲಿ ತಗಡಿನ ಡಬ್ಬಿಗಳ ರಾಶಿಯಿತ್ತು. ಹಂಚಿಕೆದಾರರು ಮರಳಿ ಕೇಳದೆ ಬಿಟ್ಟ ಹಳೆಯ ಪ್ರತಿಗಳು. 'ಸಾಹೇಬ್ರ, ಮಿಷನ್ ಒಯ್ರಿ, ಡಬ್ಬಿ ಇರ್ಲಿ ಬಿಡ್ರಿ' ಎಂದು ಮಾಲೀಕರು ಕೇಳಿಕೊಂಡರು. ನಿಯಮದಲ್ಲಿ ಅದಕ್ಕೆ ಅವಕಾಶ ಕಾಣಲಿಲ್ಲ. ನಾನು ಹುಡುಕಲೂ ಇಲ್ಲ. ಪಟ್ಟಿಯಲ್ಲಿ 'ತಗಡಿನ ಡಬ್ಬಿಗಳು - 46, ನಿರುಪಯುಕ್ತ' ಎಂದು ಬರೆದು ಸಹಿ ಹಾಕಿದೆ. ಗುಜರಿಯವನು ತೂಕದ ಲೆಕ್ಕದಲ್ಲಿ ಒಯ್ದ. ಮುಚ್ಚಳಗಳ ಮೇಲೆ ಬಿಳಿ ಬಣ್ಣದಲ್ಲಿ ಚಿತ್ರಗಳ ಹೆಸರುಗಳಿದ್ದವು, ಕೆಲವು ಕನ್ನಡದವು. ಆ ಹೆಸರುಗಳನ್ನಾದರೂ ಬರೆದಿಡಬೇಕೆಂದು ನನಗೆ ತೋಚಲಿಲ್ಲ. ಅವುಗಳಲ್ಲಿ ಅಪರೂಪದ್ದು ಯಾವುದೂ ಇರಲಿಲ್ಲವೇನೋ. ಇತ್ತೋ ಇಲ್ಲವೋ ಎಂದು ಈಗ ತಿಳಿಯುವ ದಾರಿಯನ್ನು ಮುಚ್ಚಿದವನು ನಾನೇ. ಅದೇ ಟೆಂಟಿನಲ್ಲಿ ಆರು ವರ್ಷಗಳ ಹಿಂದೆ ನಿಂತು ಸಿನಿಮಾ ನೋಡಿದ್ದ ನಾನು.

ರಾಮ್ಸೆ ಚಿತ್ರಗಳು ಉಳಿದವು. 1993ರಲ್ಲಿ 'ಜೀ ಹಾರರ್ ಶೋ' ಮೂಲಕ ಅವರ ದೆವ್ವಗಳು ನಡುಮನೆಗೆ ಬಂದವು. ಕ್ಯಾಸೆಟ್, ಡಿವಿಡಿಗಳು ಹೊಸ ಅಭಿಮಾನಿಗಳನ್ನು ಹುಟ್ಟಿಸಿದವು. ಮೊಂಡೊ ಮಕಾಬ್ರೊ ಎಂಬ ವಿದೇಶಿ ಸಂಸ್ಥೆ ಅವನ್ನು ಹೊರದೇಶಗಳ ರಸಿಕರಿಗೆ ತಲುಪಿಸಿತು. 2017ರಲ್ಲಿ ಶಾಮ್ಯ ದಾಸ್‌ಗುಪ್ತ ಸಹೋದರರ ಚರಿತ್ರೆ ಬರೆದರು. 2018ರಲ್ಲಿ ತುಳಸಿ, 2019ರಲ್ಲಿ ಶ್ಯಾಮ್ ರಾಮ್ಸೆ ತೀರಿಕೊಂಡಾಗ ಒಂದು ಕಾಲದಲ್ಲಿ ಅವರನ್ನು ಕಡೆಗಣಿಸಿದ್ದ ಪತ್ರಿಕೆಗಳೇ ಗೌರವದಿಂದ ಬರೆದವು. ಕನ್ನಡದ ಇಂಥ ಚಿತ್ರಗಳಿಗೆ ಅಷ್ಟು ಅಭಿಮಾನಿಗಳ ಬಲವಿಲ್ಲ. 'ನಾ ನಿನ್ನ ಬಿಡಲಾರೆ' (1979), ಉಪೇಂದ್ರ ಅವರ 'ಶ್!' (1993) ಮುಂತಾದ ಜನಪ್ರಿಯ ಚಿತ್ರಗಳು ಹೇಗೋ ಉಳಿದುಕೊಂಡಾವು. ಎರಡು ವಾರ ಓಡಿ ಮರೆಯಾದವುಗಳ ಗತಿ?

ಪುಸ್ತಕಗಳ ವಿಷಯದಲ್ಲಿ ನಮ್ಮ ದೇಶ ಈ ವಿವೇಕವನ್ನು ಎಂದೋ ತೋರಿದೆ. 1954ರ ಕಾಯ್ದೆಯಂತೆ ಪ್ರಕಾಶಕರು ಪ್ರತಿ ಪುಸ್ತಕವನ್ನೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಮತ್ತು ಗೊತ್ತುಪಡಿಸಿದ ಇತರ ಗ್ರಂಥಾಲಯಗಳಿಗೆ ಒಪ್ಪಿಸಬೇಕು. ಅದು ಮಹಾಕಾವ್ಯವೋ ಪತ್ತೇದಾರಿ ಕಾದಂಬರಿಯೋ ಎಂದು ಕಾಯ್ದೆ ಕೇಳುವುದಿಲ್ಲ. ಚಲನಚಿತ್ರಗಳ ಸಂರಕ್ಷಣೆಯಲ್ಲಿಯೂ ಇದೇ ಧೋರಣೆ ಇರಬೇಕು. ರಾಜ್ಯ ಸರ್ಕಾರ ಮೊದಲು ಒಂದು ಸರಳ ಕೆಲಸ ಮಾಡಬಹುದು. ಹಳೆಯ ಚಿತ್ರಮಂದಿರಗಳು, ಹಂಚಿಕೆದಾರರ ಗೋದಾಮುಗಳು, ನಿರ್ಮಾಪಕರ ಮನೆಗಳಲ್ಲಿ ಉಳಿದಿರುವ ಡಬ್ಬಿಗಳ ಯಾದಿ ತಯಾರಿಸಬೇಕು. ಕಾಪಾಡುವ ಖರ್ಚನ್ನು ವರ್ಷವರ್ಷಕ್ಕೆ ಹಂಚಬಹುದು, ಮುಂದೂಡಲೂಬಹುದು. ಕಳೆದುಕೊಂಡದ್ದನ್ನು ಮರಳಿ ಕೊಳ್ಳಲು ಯಾವ ಬಜೆಟ್ಟಿನಲ್ಲಿಯೂ ಲೆಕ್ಕಶೀರ್ಷಿಕೆ ಇಲ್ಲ.

ಯಾದಿ ಮಾಡುವ ಅಧಿಕಾರಿಗೆ ನನ್ನದೊಂದು ವಿನಂತಿ. ಡಬ್ಬಿಗಳ ಸಂಖ್ಯೆಯನ್ನಷ್ಟೇ ಬರೆಯಬೇಡಿ. ಮುಚ್ಚಳ ಒರೆಸಿ, ಹೆಸರನ್ನೂ ಓದಿ ಬರೆಯಿರಿ.