ಮೈಯೊಳಗೆ ಬಂದ ಹೊರಗಿನ ವಸ್ತು

ಕಣ್ಣಿಗೆ ಮಸೂರ, ಹೃದಯದ ರಕ್ತನಾಳಕ್ಕೆ ಸ್ಟೆಂಟ್, ಮುರಿದ ತೊಡೆಮೂಳೆಗೆ ಲೋಹದ ಕಡ್ಡಿ, ಸವೆದ ಮಂಡಿಗೆ ಹೊಸ ಕೀಲು—ಇವು ಈಗ ಶ್ರೀಮಂತರ ಮನೆಯ ಮಾತಾಗಿ ಮಾತ್ರ ಉಳಿದಿಲ್ಲ. ನಮ್ಮ ವಾಚನಾಲಯಕ್ಕೆ ಬಂದು ಹೋಗುವ ಬಂಧುಗಳಲ್ಲಿ, ಇಲ್ಲವೆ ಊರಿನಲ್ಲಿರುವ ಅವರ ತಂದೆತಾಯಿಗಳಲ್ಲಿ, ಇಂಥ ಒಂದಲ್ಲ ಒಂದು ವಸ್ತುವನ್ನು ಮೈಯೊಳಗೆ ಇಟ್ಟುಕೊಂಡವರು ಇದ್ದೇ ಇದ್ದಾರೆ. ಶಸ್ತ್ರಚಿಕಿತ್ಸೆಗೆ ಮೊದಲು ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ಒಂದೇ: "ಇದು ಮೈಗೆ ಒಗ್ಗುತ್ತದೆಯೆ?" ಸಾಲಸೋಲ ಮಾಡಿ, ರಜೆ ಹಾಕಿ, ಆಸ್ಪತ್ರೆ ಸೇರುವವನಿಗೆ ಇದು ಸಣ್ಣ ಪ್ರಶ್ನೆಯಲ್ಲ. ಇದಕ್ಕೆ ವೈದ್ಯಶಾಸ್ತ್ರ ಕೊಡುವ ಉತ್ತರವನ್ನು ನಾಲ್ಕು ಮಾತುಗಳಲ್ಲಿ ತಿಳಿಸುವುದು ಈ ಲೇಖನದ ಉದ್ದೇಶ.

ಮುಳ್ಳು ಕಲಿಸಿದ ಪಾಠ

ಹೊಲದಲ್ಲಿ ಬರಿಗಾಲಲ್ಲಿ ನಡೆದವರಿಗೆಲ್ಲ ಜಾಲಿಮುಳ್ಳಿನ ಅನುಭವ ಉಂಟು. ಮುಳ್ಳಿನ ತುದಿ ಒಳಗೇ ಮುರಿದು ಉಳಿದರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಬಾತುಕೊಳ್ಳುತ್ತದೆ. ಎರಡು ಮೂರು ದಿನಗಳಲ್ಲಿ ಕೀವುಗಟ್ಟಿ, ಒಮ್ಮೊಮ್ಮೆ ಕೀವಿನೊಂದಿಗೆ ಮುಳ್ಳೂ ಹೊರಬೀಳುತ್ತದೆ. ಹೊರಬೀಳದಿದ್ದರೆ ಅದರ ಸುತ್ತ ಗಟ್ಟಿಯಾದ ಒಂದು ಗಂಟು ಬೆಳೆದು ವರ್ಷಗಟ್ಟಲೆ ಹಾಗೆಯೇ ಇರುತ್ತದೆ.

ಈ ಮುಳ್ಳಿನಿಂದಲೇ ಒಂದು ಶಾಸ್ತ್ರ ಹುಟ್ಟಿತೆಂದರೆ ಆಶ್ಚರ್ಯವಾದೀತು. 1882ರಲ್ಲಿ ರಷ್ಯದ ವಿಜ್ಞಾನಿ ಇಲ್ಯಾ ಮೆಚ್ನಿಕೋಫ್ ಇಟಲಿಯ ಮೆಸ್ಸಿನಾ ಪಟ್ಟಣದಲ್ಲಿದ್ದನು. ನಕ್ಷತ್ರಮೀನಿನ ಮರಿ ಗಾಜಿನಂತೆ ಪಾರದರ್ಶಕವಾಗಿರುತ್ತದೆ; ಅದರ ಒಡಲೊಳಗೆ ನಡೆಯುವುದನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಬಹುದು. ಅಂಥ ಮರಿಯೊಂದರೊಳಗೆ ಆತನು ಗುಲಾಬಿಮುಳ್ಳನ್ನು ಚುಚ್ಚಿಟ್ಟನು. ಮರುದಿನ ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಚಲಿಸುವ ಜೀವಕಣಗಳು ಮುತ್ತಿಗೆ ಹಾಕಿದ್ದವು! ಹೊರಗಿನಿಂದ ಬಂದುದನ್ನು ನುಂಗಿ ಹಾಕುವ ಈ ಕಣಗಳಿಗೆ 'ಭಕ್ಷಕ ಕಣ'ಗಳೆಂದು ಹೆಸರಾಯಿತು. 1908ರಲ್ಲಿ ಮೆಚ್ನಿಕೋಫನಿಗೆ ಪಾಲ್ ಏರ್ಲಿಕ್‌ನೊಂದಿಗೆ ನೊಬೆಲ್ ಬಹುಮಾನ ದೊರೆಯಿತು.

ನಮ್ಮ ಪೂರ್ವಿಕರಿಗೂ ಈ ವಿಷಯ ಗೊತ್ತಿಲ್ಲದ್ದಲ್ಲ. ಆಯುರ್ವೇದದಲ್ಲಿ ಶಸ್ತ್ರಚಿಕಿತ್ಸೆಗೆ 'ಶಲ್ಯತಂತ್ರ'ವೆಂದು ಹೆಸರು. ಶಲ್ಯವೆಂದರೆ ಬಾಣದ ಮೊನೆ, ಮುಳ್ಳು ಮುಂತಾಗಿ ಮೈಯನ್ನು ಹೊಕ್ಕು ಬಾಧೆ ಕೊಡುವ ವಸ್ತು. ಅದನ್ನು ಹೊರಕ್ಕೆ ತೆಗೆಯುವುದೇ ಅಂದಿನ ಶಸ್ತ್ರವೈದ್ಯನ ಮುಖ್ಯ ಕೆಲಸವಾಗಿತ್ತು. ಇಂದಿನ ವೈದ್ಯನಾದರೋ ತಾನಾಗಿಯೇ ಒಂದು ವಸ್ತುವನ್ನು ಒಳಗಿಡುತ್ತಾನೆ. ಮುಳ್ಳಿಗೂ ಮಸೂರಕ್ಕೂ ಇರುವ ಭೇದ ವೈದ್ಯನಿಗೆ ಗೊತ್ತು, ಶರೀರಕ್ಕೆ ಗೊತ್ತಿಲ್ಲ. ತೊಡಕಿರುವುದು ಇಲ್ಲಿಯೇ.

ಒಳಗೆ ನಡೆಯುವುದೇನು?

ವಸ್ತು ಒಳಗೆ ಹೋದ ಕೆಲವೇ ಕ್ಷಣಗಳಲ್ಲಿ ರಕ್ತದಲ್ಲಿರುವ ಆಲ್ಬುಮಿನ್, ಫೈಬ್ರಿನೋಜನ್ ಮುಂತಾದ ಸಸಾರಜನಕಗಳು ಅದರ ಮೈಗೆ ಅಂಟಿಕೊಳ್ಳುತ್ತವೆ. ಆಮೇಲೆ ಬರುವ ಜೀವಕಣಗಳಿಗೆ ಲೋಹವಾಗಲಿ ಪ್ಲಾಸ್ಟಿಕ್ಕಾಗಲಿ ನೇರವಾಗಿ ಕಾಣುವುದೇ ಇಲ್ಲ. ಈ ತೆಳುವಾದ ಲೇಪವೇ ಕಾಣುತ್ತದೆ. ಲೇಪ ಯಾವ ರೀತಿಯದು ಎಂಬುದರ ಮೇಲೆ ಮುಂದಿನ ಕಥೆ ನಿಂತಿದೆ.

ಮೊದಲ ಪಾಳಿಗೆ ಬರುವವು ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳು. ಇವು ಕೆಲವು ಗಂಟೆಗಳಲ್ಲಿ ಬಂದು, ಒಂದೆರಡು ದಿನ ದುಡಿದು ಸಾಯುತ್ತವೆ. ಎರಡನೆಯ ಪಾಳಿಯವು ಮ್ಯಾಕ್ರೊಫೇಜ್, ಎಂದರೆ ಮಹಾಭಕ್ಷಕ ಕಣಗಳು. ರೋಗಾಣುವಾದರೆ ಇವು ನುಂಗಿ ಜೀರ್ಣಿಸಿಕೊಳ್ಳುತ್ತವೆ. ಆದರೆ ಮಂಡಿಯ ಕೀಲನ್ನು ನುಂಗುವುದು ಹೇಗೆ? ಇರುವೆ ಬೆಲ್ಲದಚ್ಚನ್ನು ಹೊರಲು ಹೋದಂತೆ! ಒಂದರಿಂದ ಆಗದ ಕೆಲಸಕ್ಕೆ ಹಲವು ಕಣಗಳು ಕೂಡಿ, ಒಂದರೊಳಗೊಂದು ಬೆರೆತು, ಅನೇಕ ಕೇಂದ್ರಗಳುಳ್ಳ ದೈತ್ಯಕಣಗಳಾಗುತ್ತವೆ. ಅವು ವಸ್ತುವಿನ ಮೈಗೆ ಅಂಟಿ ಕುಳಿತು ಆಮ್ಲವನ್ನೂ ಬೇರೆ ತೀಕ್ಷ್ಣ ರಸಗಳನ್ನೂ ಸುರಿಸುತ್ತವೆ. ಅಷ್ಟರಿಂದಲೂ ಕರಗದಿದ್ದರೆ ಶರೀರವು ಬೇರೆ ಉಪಾಯ ಹೂಡುತ್ತದೆ. ನಾರುಕಣಗಳನ್ನು ಕರೆಸಿ, ಕೊಲಾಜೆನ್ ಎಂಬ ನಾರಿನಿಂದ ವಸ್ತುವಿನ ಸುತ್ತ ಒಂದು ಚೀಲವನ್ನು ನೇಯಿಸುತ್ತದೆ. ಕೆಲವು ವಾರಗಳಲ್ಲಿ ಈ ಚೀಲ ಸಿದ್ಧವಾಗುತ್ತದೆ. ಓಡಿಸಲಾಗದವನನ್ನು ಗೋಡೆ ಕಟ್ಟಿ ಬೇರೆಯಿಟ್ಟಂತೆ.

ಆದುದರಿಂದ "ಮೈಗೆ ಒಗ್ಗಿತು" ಎಂದರೆ ಶರೀರ ಸುಮ್ಮನಿತ್ತು ಎಂದಲ್ಲ. ಪ್ರತಿಯೊಂದು ವಸ್ತುವಿಗೂ ಶರೀರ ಉತ್ತರ ಕೊಡುತ್ತದೆ. ಆ ಉತ್ತರ ಮಿತಿಯಲ್ಲಿದ್ದು, ತೆಳುವಾದ ಚೀಲದಲ್ಲಿ ಮುಗಿದು, ವಸ್ತು ತನ್ನ ಕೆಲಸ ಮಾಡಿಕೊಂಡಿದ್ದರೆ ಅದಕ್ಕೇ ಒಗ್ಗುವುದೆಂದು ಹೆಸರು.

ಬೇರೊಬ್ಬರ ಮೂತ್ರಪಿಂಡವನ್ನು ಜೋಡಿಸುವುದಕ್ಕೂ ಇದಕ್ಕೂ ವ್ಯತ್ಯಾಸವುಂಟು. ಅನ್ಯರ ಅಂಗದಲ್ಲಿ ಜೀವವಿದೆ. ಅದರ ಪ್ರತಿಯೊಂದು ಕಣವೂ ಬೇರೆ ಮನೆಯ ಗುರುತನ್ನು ಹೊತ್ತಿರುತ್ತದೆ. ನಮ್ಮ ಟಿ ಕಣಗಳು ಆ ಗುರುತನ್ನು ಹಿಡಿದು ಹೋರಾಡುತ್ತವೆ. ಆದ್ದರಿಂದ ಅಂಗ ಪಡೆದವರು ಆ ಅಂಗವಿರುವವರೆಗೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಗುಳಿಗೆ ನುಂಗಬೇಕು. ಲೋಹಕ್ಕೂ ಪ್ಲಾಸ್ಟಿಕ್ಕಿಗೂ ಅಂಥ ಗುರುತಿಲ್ಲವಾದ್ದರಿಂದ ಆ ಗುಳಿಗೆ ಬೇಕಿಲ್ಲ. ಆದರೆ ಒಂದು ಅಪವಾದ ಉಂಟು. ಅಗ್ಗದ ಓಲೆ ಹಾಕಿದ ಕೆಲವರಿಗೆ ಕಿವಿ ಕೆರೆತ ಬಂದು ರಸ ಸೋರುತ್ತದೆ. ಅಪ್ಪಟ ಚಿನ್ನದ ಓಲೆಗೆ ಹಾಗಾಗುವುದು ಅಪರೂಪ. ಅಗ್ಗದ ಒಡವೆಯಲ್ಲಿರುವ ನಿಕ್ಕಲ್ ಲೋಹವೇ ಬಹುಮಟ್ಟಿಗೆ ಇದಕ್ಕೆ ಕಾರಣ. ಇಲ್ಲಿ ಟಿ ಕಣಗಳ ಕೈವಾಡವಿದೆ. ನಿಮಗೆ ಒಡವೆಯಿಂದಲೋ ಗಡಿಯಾರದ ಪಟ್ಟಿಯಿಂದಲೋ ಹೀಗೆ ಆಗುತ್ತಿದ್ದರೆ, ಶಸ್ತ್ರಚಿಕಿತ್ಸೆಗೆ ಮುಂಚೆಯೇ ವೈದ್ಯರಿಗೆ ಹೇಳಿಬಿಡಬೇಕು.

ವಿಮಾನದ ಚೂರು, ಮೊಲದ ಮೂಳೆ

ಶರೀರ ಸಹಿಸುವ ವಸ್ತುಗಳು ಸಿಕ್ಕಿದ ಬಗೆಯೂ ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಕೆಲವು ವಿಮಾನಚಾಲಕರ ಕಣ್ಣುಗಳಿಗೆ ವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಸಿಡಿದು ನಾಟಿದ್ದವು. ಆ ಚೂರುಗಳು ಕಣ್ಣಿನಲ್ಲೇ ಉಳಿದರೂ ಕಣ್ಣು ಉರಿಗೊಳ್ಳದಿದ್ದುದನ್ನು ಲಂಡನ್ನಿನ ನೇತ್ರವೈದ್ಯ ಹೆರಾಲ್ಡ್ ರಿಡ್ಲೆ ಗಮನಿಸಿದರು. ಅದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿ, 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಕಣ್ಣಿನೊಳಗಿಟ್ಟು ನೋಡಿದರು. ವೈದ್ಯರಲ್ಲೇ ಅನೇಕರು ವಿರೋಧಿಸಿದರು: ಕಣ್ಣಿನಿಂದ ಹೊರಗಿನ ವಸ್ತು ತೆಗೆಯಬೇಕಾದವನು ಒಳಗಿಡುವುದುಂಟೆ? ಇಂದು ಪೊರೆ ತೆಗೆದ ಕಣ್ಣಿಗೆ ಮಸೂರ ಇಡುವುದು ವಾಡಿಕೆಯಾಗಿದೆ. ಮಧುರೆಯ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಆರೋಲ್ಯಾಬ್ ಸಂಸ್ಥೆಯನ್ನು ತೆರೆದು ಇಂಥ ಮಸೂರಗಳನ್ನು ಕಡಿಮೆ ಬೆಲೆಗೆ ತಯಾರಿಸತೊಡಗಿದ ಮೇಲೆ ಬಡವರಿಗೂ ಅವು ಎಟುಕಿದವು.

ಮೂಳೆಗೆ ಒಗ್ಗಿದ ಲೋಹದ ಕಥೆ ಇನ್ನೊಂದು. 1952ರಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೊನೆಮಾರ್ಕ್ ಎಂಬವರು ಮೊಲದ ಮೂಳೆಯಲ್ಲಿ ರಕ್ತದ ಓಟವನ್ನು ನೋಡಲು ಟೈಟೇನಿಯಂ ಲೋಹದ ಸಣ್ಣ ಕೊಳವೆಯನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಕೊಳವೆ ಬರಲೊಲ್ಲದು. ಮೂಳೆ ಅದನ್ನು ಬಿಗಿಯಾಗಿ ಅಪ್ಪಿಕೊಂಡಿತ್ತು. ಗಾಳಿ ತಗುಲಿದೊಡನೆ ಟೈಟೇನಿಯಂ ಮೇಲೆ ಅತಿ ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತದೆ. ಅದು ಲೋಹವನ್ನು ತುಕ್ಕಿನಿಂದ ಕಾಯುತ್ತದೆ. 1965ರಲ್ಲಿ ಬ್ರೊನೆಮಾರ್ಕರು ಮನುಷ್ಯನ ದವಡೆಗೆ ಈ ಲೋಹದ ಬೇರುಳ್ಳ ಹಲ್ಲುಗಳನ್ನು ಕೂರಿಸಿದರು.

ಸವೆತದ ಪುಡಿ

ಹಿಡಿಯಷ್ಟು ದೊಡ್ಡ ವಸ್ತುವನ್ನು ಸಹಿಸುವ ಶರೀರ ಅದೇ ವಸ್ತುವಿನ ಪುಡಿಯನ್ನು ಸಹಿಸದಿರಬಹುದು. ಈ ಪಾಠವನ್ನು ಇಂಗ್ಲೆಂಡಿನ ಜಾನ್ ಚಾರ್ನ್ಲಿ ದುಬಾರಿ ಬೆಲೆ ತೆತ್ತು ಕಲಿತರು. ಅವರು ಸೊಂಟದ ಕೀಲಿಗೆ ಉಕ್ಕಿನ ಗುಂಡನ್ನೂ ಟೆಫ್ಲಾನ್ ಬಟ್ಟಲನ್ನೂ ಜೋಡಿಸುತ್ತಿದ್ದರು. ಟೆಫ್ಲಾನ್ ನುಣುಪು; ತುಂಡಾಗಿ ಇಟ್ಟರೆ ಶರೀರ ತಕರಾರು ಮಾಡುವುದಿಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಬಟ್ಟಲು ಸವೆದು ಪುಡಿ ಉದುರಿತು. ಪುಡಿಯ ಸುತ್ತ ಉರಿಯೂತವೆದ್ದು ಗಂಟುಗಳು ಬೆಳೆದವು, ಕೀಲು ಸಡಿಲವಾಯಿತು. ಎಷ್ಟೋ ರೋಗಿಗಳಿಗೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಆಗ ಚಾರ್ನ್ಲಿ ಟೆಫ್ಲಾನ್ ಹಾಗೂ ಪಾಲಿಥಿನ್ ಎರಡರ ಮಾದರಿಗಳನ್ನೂ ತಮ್ಮ ತೊಡೆಯಲ್ಲೇ ಇಟ್ಟುಕೊಂಡು ಪರೀಕ್ಷಿಸಿದರು! ತಿಂಗಳುಗಳು ಕಳೆದ ಮೇಲೆ ಟೆಫ್ಲಾನ್ ಇಟ್ಟ ಕಡೆ ಗಂಟುಗಳು ಕೈಗೆ ಸಿಗುತ್ತಿದ್ದವು. ಪಾಲಿಥಿನ್ ಇಟ್ಟ ಕಡೆ ಹಾಗಿರಲಿಲ್ಲ. 1962ರ ನವೆಂಬರಿನಿಂದ ಅವರು ಗಟ್ಟಿ ಜಾತಿಯ ಪಾಲಿಥಿನ್ ಬಟ್ಟಲನ್ನು ಬಳಸಿದರು. ಇಂದಿಗೂ ಸೊಂಟ ಮಂಡಿಗಳ ಕೀಲುಗಳಲ್ಲಿ ಅದೇ ವಂಶದ ಪ್ಲಾಸ್ಟಿಕ್ ಇದೆ.

ಅದೂ ಸವೆಯದೆ ಇರದು. ಸವೆದ ಕಣಗಳು ಬಹಳ ಸಣ್ಣವಾದ್ದರಿಂದ ಮಹಾಭಕ್ಷಕ ಕಣಗಳು ನುಂಗಬಲ್ಲವು, ಆದರೆ ಜೀರ್ಣಿಸಲಾರವು. ಹೊಟ್ಟೆಯುಬ್ಬರಿಸಿಕೊಂಡ ಆ ಕಣಗಳು ಅಪಾಯದ ಸಂಕೇತಗಳನ್ನು ಹೊರಡಿಸುತ್ತವೆ. ಅದನ್ನು ಕೇಳಿ ಮೂಳೆ ತಿನ್ನುವ ಕಣಗಳು ಎಚ್ಚತ್ತು ಪಕ್ಕದ ಮೂಳೆಯನ್ನೇ ಕೊರೆಯುತ್ತವೆ. ಹದಿನೈದು ಇಪ್ಪತ್ತು ವರ್ಷ ಚೆನ್ನಾಗಿದ್ದ ಕೀಲು ಸಡಿಲವಾಗುವುದಕ್ಕೆ ಇದು ಒಂದು ಮುಖ್ಯ ಕಾರಣ. ಲೋಹದ ಮೇಲೆ ಲೋಹ ಉಜ್ಜುವ ಸೊಂಟದ ಕೀಲುಗಳಲ್ಲಿ ಒಂದು ಜಾತಿಯನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿ ಬಂದುದೂ ಇಂಥ ಪುಡಿಯ ಉಪದ್ರವದಿಂದಲೇ.

ಗೋಡೆಯೇ ಅಡ್ಡಿಯಾದಾಗ

ಕೆಲವು ಉಪಕರಣಗಳಿಗೆ ಶರೀರ ಕಟ್ಟುವ ಗೋಡೆಯೇ ತೊಂದರೆ. 1958ರ ಅಕ್ಟೋಬರಿನಲ್ಲಿ ಸ್ವೀಡನ್ನಿನಲ್ಲಿ ಆಕೆ ಸೆನಿಂಗ್ ಎಂಬ ಶಸ್ತ್ರವೈದ್ಯರೂ ರೂನೆ ಎಲ್ಮ್‌ಕ್ವಿಸ್ಟ್ ಎಂಬ ಇಂಜಿನಿಯರರೂ ಸೇರಿ ಆರ್ನೆ ಲಾರ್ಸನ್ ಎಂಬ ರೋಗಿಗೆ ಹೃದಯದ ಗತಿ ನಡೆಸುವ ಪೇಸ್‌ಮೇಕರನ್ನು ಮೈಯೊಳಗೇ ಇಟ್ಟರು. ಅದು ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು, ಇನ್ನೊಂದನ್ನಿಟ್ಟರು. ಲಾರ್ಸನ್ ಒಟ್ಟು ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರುಗಳನ್ನು ಬಳಸಿ 2001ರವರೆಗೆ ಬದುಕಿದರು. ಪೇಸ್‌ಮೇಕರಿನ ತಂತಿಯ ತುದಿ ಹೃದಯಕ್ಕೆ ತಾಗಿರಬೇಕು. ಅಲ್ಲಿ ನಾರು ದಪ್ಪವಾಗಿ ಬೆಳೆದರೆ ಹೆಚ್ಚು ವಿದ್ಯುತ್ತು ಬೇಕಾಗಿ ಬ್ಯಾಟರಿ ಬೇಗ ಬರಿದಾಗುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ, ಉರಿಯೂತವನ್ನು ಶಮನ ಮಾಡುವ ಔಷಧವನ್ನು ತುದಿಯಲ್ಲೇ ಇಟ್ಟು ಸ್ವಲ್ಪಸ್ವಲ್ಪವಾಗಿ ಸ್ರವಿಸುವಂತೆ ಮಾಡುವುದು.

ಸ್ಟೆಂಟಿನದೂ ಅದೇ ಸಮಸ್ಯೆ. ರಕ್ತನಾಳದೊಳಗೆ ತಂತಿಯ ಬಲೆ ಇಟ್ಟರೆ, ಗಾಯ ಮಾಯುವ ಭರದಲ್ಲಿ ನಾಳದ ಗೋಡೆ ಒಳಮುಖವಾಗಿ ಬೆಳೆದು ಮತ್ತೆ ಕಿರಿದಾಗಬಹುದು. ಆದ್ದರಿಂದ ಬಲೆಗೆ ಬೆಳವಣಿಗೆ ತಡೆಯುವ ಔಷಧ ಲೇಪಿಸುತ್ತಾರೆ. ಅಂಥ ಔಷಧಗಳಲ್ಲೊಂದಾದ ಸಿರೋಲಿಮಸ್ ಮೊದಲು ದೊರೆತದ್ದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ. ಮೂತ್ರಪಿಂಡ ಜೋಡಿಸಿಕೊಂಡವರಿಗೂ ಅದನ್ನು ಕೊಡುವುದುಂಟು. ಆದರೆ ಈ ಔಷಧ ಒಳಪದರ ಬಂದು ಬಲೆಯನ್ನು ಮುಚ್ಚುವುದನ್ನೂ ನಿಧಾನ ಮಾಡುತ್ತದೆ. ಬರಿಯ ಲೋಹ ರಕ್ತಕ್ಕೆ ತಾಗುತ್ತಿರುವವರೆಗೆ ಅಲ್ಲಿ ರಕ್ತ ಹೆಪ್ಪುಗಟ್ಟುವ ಭಯವುಂಟು. ಹೆಪ್ಪುಗಟ್ಟದಂತೆ ಗುಳಿಗೆ ಕೊಡುವುದು ಅದಕ್ಕಾಗಿ. ಎದೆನೋವು ಹೋಯಿತು, ಇನ್ನು ಗುಳಿಗೆಯ ಖರ್ಚೇಕೆ ಎಂದು ತಾವಾಗಿಯೇ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ಜಾಗಕ್ಕಾಗಿ ಪೈಪೋಟಿ

ಹೊರಗಿನ ವಸ್ತುವಿನ ಇನ್ನೊಂದು ದೋಷ, ಅದು ರೋಗಾಣುಗಳಿಗೆ ಆಶ್ರಯವಾಗುವುದು. 1957ರಲ್ಲಿ ಇಲೆಕ್ ಮತ್ತು ಕೋನೆನ್ ಎಂಬ ವಿಜ್ಞಾನಿಗಳು ಸ್ವಯಂಸೇವಕರ ಮೇಲೆ ಪರೀಕ್ಷಿಸಿ ತೋರಿಸಿದರು: ಚರ್ಮದಲ್ಲಿ ಕೀವುಂಟುಮಾಡಲು ಲಕ್ಷಗಟ್ಟಲೆ ರೋಗಾಣುಗಳು ಬೇಕು, ಅಲ್ಲಿ ಒಂದು ಹೊಲಿಗೆಯ ದಾರವಿದ್ದರೆ ಕೆಲವು ನೂರು ಸಾಕು. ವಸ್ತುವಿನ ಮೈಮೇಲೆ ನಮ್ಮ ಜೀವಕಣಗಳು ಮೊದಲು ನೆಲೆಸುತ್ತವೆಯೋ ರೋಗಾಣುಗಳೋ ಎಂಬುದು ಒಂದು ಪೈಪೋಟಿಯೆಂದು 1987ರಲ್ಲಿ ಆಂಥೊನಿ ಗ್ರಿಸ್ಟಿನಾ ಹೇಳಿದರು. ರೋಗಾಣುಗಳು ಗೆದ್ದರೆ ಲೋಳೆಯ ಪೊರೆ ಕಟ್ಟಿಕೊಂಡು ಅದರಡಿಯಲ್ಲಿ ಕೂರುತ್ತವೆ. ಕೆರೆಯ ಕಲ್ಲಿನ ಮೇಲಿನ ಪಾಚಿಯಂತೆ ಅದು ಜಾರುವ ಕೋಟೆ. ಬಿಳಿಯ ಕಣಗಳಿಗೂ ಔಷಧಕ್ಕೂ ಒಳಹೊಗುವುದು ಕಷ್ಟ. ಆಗ ಎಷ್ಟೋ ವೇಳೆ ವಸ್ತುವನ್ನೇ ತೆಗೆಯಬೇಕಾಗುತ್ತದೆ. ಜನರು "ಮೈಗೆ ಒಗ್ಗಲಿಲ್ಲ" ಎಂದು ಹೇಳುವ ಎಷ್ಟೋ ಪ್ರಸಂಗಗಳು ನಿಜವಾಗಿ ಇಂಥ ಸೋಂಕುಗಳೇ.

ನಾವು ಮಾಡಬೇಕಾದುದು

ಇದೆಲ್ಲದರಿಂದ ನಮ್ಮ ಬಂಧುಗಳು ನೆನಪಿಡಬೇಕಾದ ಮಾತುಗಳು ಕೆಲವೇ. ಶಸ್ತ್ರಚಿಕಿತ್ಸೆಗೆ ಮೊದಲು ಹುಳುಕು ಹಲ್ಲು, ಚರ್ಮದ ಹುಣ್ಣು, ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡದೆ ಹೇಳಿ, ಹತೋಟಿಗೆ ತಂದುಕೊಳ್ಳಬೇಕು. ಆಮೇಲೆ ಆ ಜಾಗದಲ್ಲಿ ಕೆಂಪು, ಊತ, ಸೋರಿಕೆ, ಹೊಸ ನೋವು ಅಥವಾ ಬಿಡದ ಜ್ವರ ಕಂಡರೆ ಎಣ್ಣೆ ತಿಕ್ಕಿಸುತ್ತ ಕಾಲ ಕಳೆಯದೆ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನೇ ಕಾಣಬೇಕು. ವೈದ್ಯರು ಹೇಳದೆ ಗುಳಿಗೆ ನಿಲ್ಲಿಸಬಾರದು. ಕೀಲು ನೋಯದಿದ್ದರೂ ಕರೆದಾಗ ಹೋಗಿ ಎಕ್ಸ್‌ರೇ ತೆಗೆಸಬೇಕು. ಪುಡಿಯ ಕಾಟ ನೋವಿಗಿಂತ ಮೊದಲೇ ಎಕ್ಸ್‌ರೇಯಲ್ಲಿ ಕಾಣಬಹುದು.

ಇಟ್ಟ ವಸ್ತುವಿನ ಹೆಸರು, ಜಾತಿ, ಸಂಖ್ಯೆಗಳುಳ್ಳ ಚೀಟಿಯನ್ನು ಆಸ್ಪತ್ರೆಯಿಂದ ತಪ್ಪದೆ ಕೇಳಿ ಪಡೆಯಬೇಕು. ಭಾರತ ಸರ್ಕಾರವು 2017ರಲ್ಲಿ ಸ್ಟೆಂಟಿಗೂ ಮಂಡಿಯ ಕೀಲಿಗೂ ಗರಿಷ್ಠ ಬೆಲೆಯನ್ನು ಗೊತ್ತುಮಾಡಿತು. ಬಿಲ್ಲಿನಲ್ಲಿ ಆ ಬೆಲೆಯನ್ನು ಬೇರೆಯಾಗಿ ಬರೆಸಿಕೊಳ್ಳುವುದು ಒಳ್ಳೆಯದು. ನಮ್ಮಂಥ ಪರವೂರಿನವರಿಗೆ ಈ ಚೀಟಿ ಇನ್ನೂ ಮುಖ್ಯ. ಶಸ್ತ್ರಚಿಕಿತ್ಸೆ ಮುಂಬಯಿಯಲ್ಲೋ ಮದರಾಸಿನಲ್ಲೋ ಆಗಿರುತ್ತದೆ. ಹತ್ತು ವರ್ಷದ ಮೇಲೆ ತೊಂದರೆ ಕಾಣುವುದು ಬಿಜಾಪುರದಲ್ಲೋ ಉಡುಪಿಯಲ್ಲೋ ಆದೀತು. ಒಳಗಿರುವುದು ಏನೆಂದು ಗೊತ್ತಿಲ್ಲದೆ ಅಲ್ಲಿಯ ವೈದ್ಯರು ಏನು ಮಾಡಿಯಾರು? ಎಂ.ಆರ್.ಐ. ಪರೀಕ್ಷೆಗೆ ಹೋಗುವಾಗಲೂ ಅದನ್ನು ತೋರಿಸಲೇಬೇಕು. ಒಂದು ಪ್ರತಿಯನ್ನು ತಮ್ಮಲ್ಲಿಟ್ಟುಕೊಂಡು ಇನ್ನೊಂದನ್ನು ಊರಿನ ಮನೆಯಲ್ಲಿ, ರೇಷನ್ ಕಾರ್ಡಿನ ಜೊತೆಗೆ, ಇಟ್ಟಿರಬೇಕೆಂದು ನಾವು ಎಲ್ಲರಲ್ಲಿಯೂ ವಿನಂತಿಸುತ್ತೇವೆ.