ಟೋಕಿಯೊ ಕುಸಿದರೆ ನಮ್ಮ ಎಸ್‌ಐಪಿ ಏಕೆ ಕೆಂಪಾಗುತ್ತದೆ?

2024ರ ಆಗಸ್ಟ್ 5, ಸೋಮವಾರ. ಅಂದು ನಮ್ಮ ದೇಶದೊಳಗೆ ಷೇರುಪೇಟೆಯನ್ನು ನಡುಗಿಸುವಂಥ ಸುದ್ದಿ ಏನೂ ಇರಲಿಲ್ಲ. ಆದರೂ ದಿನದ ವಹಿವಾಟು ಮುಗಿಯುವ ಹೊತ್ತಿಗೆ ಸೆನ್ಸೆಕ್ಸ್ 2,222 ಅಂಶ ಕಳೆದುಕೊಂಡಿತ್ತು. ಮೊಬೈಲ್‌ನಲ್ಲಿ ಹೂಡಿಕೆ ಆ್ಯಪ್ ತೆರೆದವರಿಗೆಲ್ಲ ಕಂಡಿದ್ದು ಒಂದೇ ಬಣ್ಣ, ಕೆಂಪು. ಅದೇ ದಿನ ಜಪಾನಿನ ನಿಕ್ಕಿ ಸೂಚ್ಯಂಕ ಶೇ 12.4ರಷ್ಟು ಕುಸಿದಿತ್ತು. 1987ರ ನಂತರ ಅಲ್ಲಿ ಒಂದೇ ದಿನ ಅಷ್ಟು ದೊಡ್ಡ ಪೆಟ್ಟು ಬಿದ್ದಿರಲಿಲ್ಲ. ದಕ್ಷಿಣ ಕೊರಿಯಾದ ಸೂಚ್ಯಂಕ ಶೇ 8ಕ್ಕಿಂತ ಹೆಚ್ಚು ಇಳಿದಿತ್ತು. ತೈವಾನ್ ಕಥೆಯೂ ಅದೇ.

ತಿಂಗಳಿಗೆ ಐನೂರೋ ಸಾವಿರವೋ ಎಸ್‌ಐಪಿ ಕಟ್ಟುವ ನಮ್ಮಂಥವರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಟೋಕಿಯೊದಲ್ಲಿ ಏನೋ ಆದರೆ ದಾವಣಗೆರೆಯಲ್ಲಿ ಕುಳಿತ ನನ್ನ ದುಡ್ಡು ಏಕೆ ಕರಗಬೇಕು?

ಉತ್ತರ ಹುಡುಕಲು ನಮ್ಮ ಕೆರೆಗಳನ್ನು ನೆನಪಿಸಿಕೊಂಡರೆ ಸಾಕು. ಕೋಲಾರದ ಕಡೆಯಾಗಲಿ, ಹಳೆಯ ಬೆಂಗಳೂರಿನಲ್ಲಾಗಲಿ ಕೆರೆಗಳು ಒಂಟಿಯಾಗಿರಲಿಲ್ಲ, ಸರಣಿಯಲ್ಲಿದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಒಳ್ಳೆಯ ಮಳೆಯಾದ ವರ್ಷ ಎಲ್ಲ ಕೆರೆಗೂ ಹಬ್ಬ. ಆದರೆ ಮೇಲಿನ ಕೆರೆಯ ಏರಿ ಒಡೆದರೆ ಕೆಳಗಿನ ಕೆರೆಗೂ ಉಳಿಗಾಲವಿಲ್ಲ. ಬಂಡವಾಳ ಮಾರುಕಟ್ಟೆಯನ್ನು ಹೊರಗಿನವರಿಗೆ ತೆರೆಯುವುದು ಎಂದರೆ ಇಂಥ ಒಂದು ಸರಣಿಗೆ ನಮ್ಮ ಕೆರೆಯನ್ನು ಜೋಡಿಸಿದಂತೆ.

ಹರಿಯುವುದು ಯಾರ ದುಡ್ಡು?

ಆಗಸ್ಟ್ 5ರ ಕುಸಿತದಲ್ಲಿ ಈ ಕಾಲುವೆ ಸ್ಪಷ್ಟವಾಗಿ ಕಾಣಿಸುತ್ತದೆ. ಜಪಾನಿನಲ್ಲಿ ವರ್ಷಾನುಗಟ್ಟಲೆ ಬಡ್ಡಿದರ ಸೊನ್ನೆಯ ಆಸುಪಾಸಿನಲ್ಲೇ ಇತ್ತು. ದೊಡ್ಡ ಹೂಡಿಕೆದಾರರು ಅಲ್ಲಿ ಅಗ್ಗದ ಬಡ್ಡಿಗೆ ಯೆನ್ ಸಾಲ ಪಡೆದು, ಹೆಚ್ಚು ಲಾಭ ಸಿಗುವ ಬೇರೆ ದೇಶಗಳ ಷೇರು, ಬಾಂಡುಗಳಲ್ಲಿ ಹಾಕುತ್ತಿದ್ದರು. ಜುಲೈ 31ರಂದು ಜಪಾನಿನ ಕೇಂದ್ರ ಬ್ಯಾಂಕ್ ಬಡ್ಡಿದರವನ್ನು ಶೇ 0.25ಕ್ಕೆ ಏರಿಸಿತು. ಯೆನ್ ಬೆಲೆ ಏರಿತು. ಸಾಲದ ಹೊರೆ ಹೆಚ್ಚಿತು. ಅದರ ಬೆನ್ನಿಗೇ ಅಮೆರಿಕದಲ್ಲಿ ಉದ್ಯೋಗದ ಅಂಕಿ–ಅಂಶ ನಿರಾಸೆ ಮೂಡಿಸಿತು. ಸಾಲ ಮಾಡಿದವರೆಲ್ಲ ಒಟ್ಟಿಗೆ ಕೈಯಲ್ಲಿದ್ದುದನ್ನು ಮಾರಲು ಹೊರಟರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ವಿದೇಶಿ ಫಂಡ್‌ಗಳು ಭಾರತ, ತೈವಾನ್, ಕೊರಿಯಾ, ಇಂಡೊನೇಷ್ಯಾಗಳನ್ನು ‘ಉದಯೋನ್ಮುಖ ಮಾರುಕಟ್ಟೆ’ ಎಂಬ ಒಂದೇ ಬುಟ್ಟಿಯಲ್ಲಿ ಇಡುತ್ತವೆ. ಆ ಬುಟ್ಟಿಯಿಂದ ದುಡ್ಡು ತೆಗೆಯಬೇಕೆಂದರೆ ಒಳ್ಳೆಯದು, ಕೆಟ್ಟದ್ದು ಎಂದು ಆರಿಸುತ್ತಾ ಕೂರುವುದಿಲ್ಲ. ಯಾವುದು ಬೇಗ ಮಾರಾಟವಾಗುತ್ತದೋ ಅದನ್ನು ಮಾರುತ್ತವೆ. ಹೀಗಾಗಿ ಒಂದು ದೇಶದ ಕಂಪನಿ ಚೆನ್ನಾಗಿ ನಡೆಯುತ್ತಿದ್ದರೂ ಪಕ್ಕದ ದೇಶದ ಸಂಕಟಕ್ಕೆ ಅದರ ಷೇರು ಬೆಲೆ ತೆರುತ್ತದೆ. ಮಾರುಕಟ್ಟೆಗಳ ನಡುವಿನ ನಂಟು ಬಿಗಿಯಾಗುವುದು ಸುಖದ ದಿನಗಳಲ್ಲಿ ಅಲ್ಲ, ಭಯದ ದಿನಗಳಲ್ಲಿ.

ಬ್ಯಾಂಕಾಕ್‌ನಿಂದ ಹೊರಟ ಕಿಡಿ

ಈ ಪಾಠವನ್ನು ಏಷ್ಯಾ ಕಲಿತದ್ದು 1997ರಲ್ಲಿ. ನಮ್ಮಲ್ಲಿ ಹಲವರು ಆಗಿನ್ನೂ ಹುಟ್ಟಿರಲಿಲ್ಲ.

ಥಾಯ್ಲೆಂಡ್ 1993ರಲ್ಲಿ ವಿದೇಶಿ ಸಾಲ ತರಲು ಬ್ಯಾಂಕುಗಳಿಗೆ ಹೊಸ ದಾರಿ ತೆರೆಯಿತು. ಆಗ ಅಲ್ಲಿನ ಕರೆನ್ಸಿ ‘ಬಾತ್’ ಬೆಲೆಯನ್ನು ಸರ್ಕಾರವೇ ಹಿಡಿದಿಟ್ಟಿತ್ತು, ಡಾಲರ್‌ಗೆ ಸುಮಾರು 25. ಡಾಲರ್ ಸಾಲ ಅಗ್ಗ, ಬಾತ್ ಬೆಲೆ ಬದಲಾಗುವುದಿಲ್ಲ ಎಂಬ ನಂಬಿಕೆ ಬೇರೆ. ಬ್ಯಾಂಕುಗಳು, ಹಣಕಾಸು ಕಂಪನಿಗಳು ಕೆಲವೇ ತಿಂಗಳಲ್ಲಿ ತೀರಿಸಬೇಕಾದ ಸಾಲ ತಂದು, ವರ್ಷಗಟ್ಟಲೆ ಕಾಯಬೇಕಾದ ಕಟ್ಟಡಗಳಿಗೆ ಸುರಿದವು. ರಫ್ತು ಸೊರಗಿತು, ಕಟ್ಟಡಗಳು ಖಾಲಿ ಬಿದ್ದವು, ಸಾಲ ಕೊಟ್ಟವರು ವಾಪಸ್ ಕೇಳತೊಡಗಿದರು. 1997ರ ಜುಲೈ 2ರಂದು ಸರ್ಕಾರ ಬಾತ್ ಅನ್ನು ಕೈಬಿಟ್ಟಿತು. ಮುಂದಿನ ಜನವರಿ ಹೊತ್ತಿಗೆ ಒಂದು ಡಾಲರ್‌ಗೆ 50ಕ್ಕೂ ಹೆಚ್ಚು ಬಾತ್ ಕೊಡಬೇಕಾಯಿತು. ಡಾಲರ್‌ನಲ್ಲಿ ಸಾಲ ಮಾಡಿದವನ ಸಾಲ ರಾತ್ರೋರಾತ್ರಿ ಬೆಳೆಯಿತು.

ಬೆಂಕಿ ಅಲ್ಲಿಗೇ ನಿಲ್ಲಲಿಲ್ಲ. ಫಿಲಿಪ್ಪೀನ್ಸ್, ಮಲೇಷ್ಯಾ, ಇಂಡೊನೇಷ್ಯಾ, ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್, ನವೆಂಬರ್‌ನಲ್ಲಿ ಕೊರಿಯಾ. ಇಂಡೊನೇಷ್ಯಾದ ರುಪಿಯಾ ಡಾಲರ್‌ಗೆ ಸುಮಾರು 2,400ರಿಂದ ಒಂದು ವರ್ಷದೊಳಗೆ 16,000ದವರೆಗೂ ಬಿತ್ತು. ಮೂರು ದಶಕ ಆಳಿದ್ದ ಸುಹಾರ್ತೊ 1998ರ ಮೇ ತಿಂಗಳಲ್ಲಿ ಅಧಿಕಾರ ಬಿಟ್ಟರು. ಕೊರಿಯಾದಲ್ಲಿ ದೇಶದ ಸಾಲ ತೀರಿಸಲು ಜನ ಮದುವೆಯ ಉಂಗುರ, ಮಕ್ಕಳ ಚಿನ್ನ ತಂದು ಕೊಟ್ಟರು. ಸುಮಾರು 35 ಲಕ್ಷ ಜನರಿಂದ 220 ಟನ್‌ಗೂ ಹೆಚ್ಚು ಬಂಗಾರ ಸಂಗ್ರಹವಾಯಿತು. ಷೇರುಪೇಟೆಯ ಬಾಗಿಲನ್ನೇ ಕಾಣದವರೂ ಕೆಲಸ ಕಳೆದುಕೊಂಡರು.

ಬಾಗಿಲು ಮುಚ್ಚಿದರೆ?

ಹಾಗಾದರೆ ಬಾಗಿಲು ಮುಚ್ಚಿಬಿಡುವುದೇ ಕ್ಷೇಮವಲ್ಲವೇ? ಮಲೇಷ್ಯಾ ಅದನ್ನೂ ಮಾಡಿ ನೋಡಿತು. 1998ರ ಸೆಪ್ಟೆಂಬರ್ 1ರಂದು ಬಂಡವಾಳದ ಮೇಲೆ ನಿರ್ಬಂಧ ಹೇರಿತು. ಮರುದಿನ ಕರೆನ್ಸಿ ‘ರಿಂಗಿಟ್’ ಬೆಲೆಯನ್ನು ಡಾಲರ್‌ಗೆ 3.80 ಎಂದು ಕಟ್ಟಿಹಾಕಿತು. ಷೇರು ಮಾರಿದ ವಿದೇಶಿಯರು ಆ ಹಣವನ್ನು ಒಂದು ವರ್ಷ ಹೊರಗೆ ಒಯ್ಯುವಂತಿರಲಿಲ್ಲ.

ಇದರ ಬಿಸಿ ತಟ್ಟಿದ್ದು ಬರೀ ಸಟ್ಟಾ ಆಡುವ ಕುಳಗಳಿಗಲ್ಲ. ಮಲೇಷ್ಯಾ, ಸಿಂಗಪುರಗಳಿಗೆ 1973ರವರೆಗೂ ಒಂದೇ ಷೇರು ವಿನಿಮಯ ಕೇಂದ್ರವಿತ್ತು. ಆಮೇಲೆ ಮನೆ ಪಾಲಾದರೂ ನಂಟು ಬಿಟ್ಟಿರಲಿಲ್ಲ. 1990ರಿಂದ ಸಿಂಗಪುರದ ‘ಕ್ಲಾಬ್’ ಎಂಬ ಪೇಟೆಯಲ್ಲಿ ಮಲೇಷ್ಯಾ ಕಂಪನಿಗಳ ಷೇರುಗಳ ವಹಿವಾಟು ನಡೆಯುತ್ತಿತ್ತು. ಹೊಸ ನಿಯಮ ಬಂದ ಮೇಲೆ ಆ ಪೇಟೆಯ ವಹಿವಾಟಿಗೆ ಮಲೇಷ್ಯಾದಲ್ಲಿ ಮಾನ್ಯತೆಯೇ ಇಲ್ಲವಾಯಿತು. ಸುಮಾರು 1 ಲಕ್ಷ 72 ಸಾವಿರ ಹೂಡಿಕೆದಾರರ ಷೇರುಗಳು ಸಿಕ್ಕಿಹಾಕಿಕೊಂಡವು. ಅವರಲ್ಲಿ ಹೆಚ್ಚಿನವರು ಸಿಂಗಪುರದ ಸಾಮಾನ್ಯ ಜನ. ಅದು ಬಗೆಹರಿಯುವ ಹಾದಿಗೆ ಬರಲು 2000ನೇ ಇಸವಿ ಬರಬೇಕಾಯಿತು.

ಮಲೇಷ್ಯಾ ಬೇಗ ಚೇತರಿಸಿಕೊಂಡಿತು, ನಿಜ. ಆದರೆ ನಿರ್ಬಂಧ ಹೇರದೆ ಐಎಂಎಫ್ ಸಾಲ ಪಡೆದ ಕೊರಿಯಾವೂ ಚೇತರಿಸಿಕೊಂಡಿತು. ಯಾವುದು ಸರಿ ಎಂಬ ಚರ್ಚೆ ಅರ್ಥಶಾಸ್ತ್ರಜ್ಞರ ನಡುವೆ ಈಗಲೂ ಮುಗಿದಿಲ್ಲ. ನನಗೆ ಅನಿಸುವುದು ಇಷ್ಟು: ತೆರೆಯಬೇಕೋ ಮುಚ್ಚಬೇಕೋ ಎಂಬುದಕ್ಕಿಂತ, ಯಾವ ಬಾಗಿಲನ್ನು ಮೊದಲು ತೆರೆಯಬೇಕು ಎಂಬುದು ದೊಡ್ಡ ಪ್ರಶ್ನೆ.

ವಿದೇಶಿಯೊಬ್ಬ ನಮ್ಮ ಕಂಪನಿಯ ಷೇರು ಕೊಂಡರೆ ಏರಿಳಿತದಲ್ಲಿ ಅವನೂ ಪಾಲುದಾರ. ಹೆದರಿ ಮಾರಿದರೆ ಬಿದ್ದ ಬೆಲೆಗೇ ಮಾರಬೇಕು, ನಷ್ಟದಲ್ಲಿ ಅವನಿಗೂ ಪಾಲಿದೆ. ಅದೇ ಅವನು ಅಲ್ಪಾವಧಿಗೆ ಡಾಲರ್ ಸಾಲ ಕೊಟ್ಟಿದ್ದರೆ? ಪೇಟೆ ಬಿದ್ದರೂ ಊರು ಮುಳುಗಿದರೂ ಪೂರ್ತಿ ಹಣ ಕೇಳುತ್ತಾನೆ. ಕೊರಿಯಾ ಬ್ಯಾಂಕುಗಳ ಅಲ್ಪಾವಧಿ ಸಾಲಕ್ಕೆ ದಾರಿ ಸುಲಭ ಮಾಡಿತ್ತು. ಷೇರು ಕೊಳ್ಳುವ ವಿದೇಶಿಯರಿಗೆ ಮಾತ್ರ 1992ರಲ್ಲಿ ಶೇ 10ರ ಮಿತಿಯೊಂದಿಗೆ ಬಾಗಿಲು ಸ್ವಲ್ಪವೇ ತೆರೆದಿತ್ತು. ಆ ಮಿತಿ ಪೂರ್ತಿ ಹೋದದ್ದು 1998ರಲ್ಲಿ, ಬಿಕ್ಕಟ್ಟು ಬಂದ ಮೇಲೆ. ಕೊನೆಗೆ ಬರಬೇಕಾದದ್ದು ಮೊದಲು ಬಂದಿತ್ತು.

ನಮ್ಮ ತೂಬಿನ ಕಥೆ

ಭಾರತ ವಿದೇಶಿ ಸಾಂಸ್ಥಿಕ ಹೂಡಿಕೆದಾರರಿಗೆ ಷೇರುಪೇಟೆ ತೆರೆದದ್ದು 1992ರ ಸೆಪ್ಟೆಂಬರ್‌ನಲ್ಲಿ. ಆದರೆ ರೂಪಾಯಿಯನ್ನು ಯಾರು ಬೇಕಾದರೂ ಎಷ್ಟು ಬೇಕಾದರೂ ಡಾಲರ್ ಮಾಡಿಕೊಂಡು ಹೋಗುವ ಸ್ವಾತಂತ್ರ್ಯ ಕೊಡಲಿಲ್ಲ. ಅದನ್ನು ಹಂತ ಹಂತವಾಗಿ ಕೊಡುವುದು ಹೇಗೆ ಎಂದು ಆರ್‌ಬಿಐನ ಮಾಜಿ ಡೆಪ್ಯುಟಿ ಗವರ್ನರ್ ಎಸ್.ಎಸ್. ತಾರಾಪೋರ್ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಮೂರು ವರ್ಷದಲ್ಲಿ ತೆರೆಯಬಹುದು. ಆದರೆ ಮೊದಲು ವಿತ್ತೀಯ ಕೊರತೆ, ಹಣದುಬ್ಬರ, ಬ್ಯಾಂಕುಗಳ ವಸೂಲಾಗದ ಸಾಲ ಹತೋಟಿಗೆ ಬರಬೇಕು ಎಂದು ಅದು ಹೇಳಿತ್ತು. ವರದಿ ಬಂದದ್ದು 1997ರ ಮೇ ಕೊನೆಯಲ್ಲಿ. ಬಾತ್ ಬಿದ್ದದ್ದು ಅದಾಗಿ ಐದು ವಾರಕ್ಕೆ! ವರದಿ ಬದಿಗೆ ಸರಿಯಿತು. ಆ ವರ್ಷದ ಬೆಂಕಿ ನಮಗೆ ಹೆಚ್ಚು ತಾಗಲಿಲ್ಲ.

ಆಮೇಲೆ ತೂಬು ನಿಧಾನವಾಗಿ ಮೇಲೆದ್ದಿತು, ಅದರ ಬೆಲೆಯನ್ನೂ ತೆತ್ತೆವು. 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಅಮೆರಿಕದ ಬಿಕ್ಕಟ್ಟಿನಿಂದ ಅಕ್ಟೋಬರ್‌ನಲ್ಲಿ 8 ಸಾವಿರಕ್ಕಿಂತ ಕೆಳಗಿಳಿದಿತ್ತು.

ಚೀನಾ ಕೂಡ ತೂಬಿನ ದಾರಿಯನ್ನೇ ಹಿಡಿಯಿತು. 2014ರ ನವೆಂಬರ್‌ನಲ್ಲಿ ಶಾಂಘೈ–ಹಾಂಗ್‌ಕಾಂಗ್ ಪೇಟೆಗಳನ್ನು ಜೋಡಿಸಿದಾಗ ದಿನಕ್ಕೆ ಇಷ್ಟೇ ಹಣ ದಾಟಬಹುದು ಎಂದು ಮಿತಿ ಇಟ್ಟಿತು. 2018ರಲ್ಲಿ ಅದನ್ನು ನಾಲ್ಕು ಪಟ್ಟು ಹೆಚ್ಚಿಸಿತು. ಇದಕ್ಕೆ ವಿರುದ್ಧವಾಗಿ, 2012ರಲ್ಲಿ ಮಲೇಷ್ಯಾ, ಸಿಂಗಪುರ, ಥಾಯ್ಲೆಂಡ್ ಪೇಟೆಗಳನ್ನು ಜೋಡಿಸಿದ ಆಸಿಯಾನ್ ಸಂಪರ್ಕದಲ್ಲಿ ನಿರೀಕ್ಷಿಸಿದಷ್ಟು ವಹಿವಾಟು ನಡೆಯಲೇ ಇಲ್ಲ. ಕಾಲುವೆ ತೋಡಿದ ಮಾತ್ರಕ್ಕೆ ನೀರು ಹರಿಯುವುದಿಲ್ಲ. ನಮ್ಮ ನಿಫ್ಟಿಯ ವಾಯಿದಾ ವಹಿವಾಟು 2000ರಿಂದಲೂ ಸಿಂಗಪುರದಲ್ಲಿ ನಡೆಯುತ್ತಿತ್ತು. 2023ರ ಜುಲೈ 3ರಂದು ಅದು ಗುಜರಾತಿನ ಗಿಫ್ಟ್ ಸಿಟಿಗೆ ಬಂತು. ಮುಂಬೈ ಪೇಟೆ ತೆರೆಯುವ ಮುನ್ನವೇ ‘ಗಿಫ್ಟ್ ನಿಫ್ಟಿ ಇಳಿಕೆ’ ಎಂದು ಆ್ಯಪ್‌ಗಳು ಹೇಳುತ್ತವಲ್ಲ, ಅದು ಇದೇ.

ಏರಿ ಕಟ್ಟಿದವರು ನಾವೇ

2024ರ ಸೆಪ್ಟೆಂಬರ್ ಕೊನೆಯಲ್ಲಿ ಚೀನಾ ತನ್ನ ಆರ್ಥಿಕತೆಗೆ ಚೇತರಿಕೆಯ ಕ್ರಮಗಳನ್ನು ಘೋಷಿಸಿತು. ಭಾರತದ ಷೇರು ದುಬಾರಿ, ಚೀನಾದ್ದು ಅಗ್ಗ ಎಂಬ ಲೆಕ್ಕಾಚಾರವೂ ಸೇರಿ ವಿದೇಶಿ ಹೂಡಿಕೆದಾರರು ಅಕ್ಟೋಬರ್ ಒಂದೇ ತಿಂಗಳಲ್ಲಿ ನಮ್ಮ ಷೇರುಪೇಟೆಯಿಂದ ಸುಮಾರು 94 ಸಾವಿರ ಕೋಟಿ ರೂಪಾಯಿ ಹಿಂದಕ್ಕೆ ಪಡೆದರು. ಅಲ್ಲಿಯವರೆಗೆ ಯಾವ ತಿಂಗಳಲ್ಲೂ ಅಷ್ಟು ಹಣ ಹೊರಹೋಗಿರಲಿಲ್ಲ. ನಿಫ್ಟಿ ಇಳಿದದ್ದು ಸುಮಾರು ಶೇ 6 ಮಾತ್ರ. ಏಕೆಂದರೆ ಅವರು ಮಾರಿದ್ದನ್ನು ದೇಶದ ಮ್ಯೂಚುವಲ್ ಫಂಡ್‌ಗಳು, ವಿಮಾ ಕಂಪನಿಗಳು ಕೊಂಡವು. ಅದೇ ತಿಂಗಳು ಎಸ್‌ಐಪಿಗಳಿಂದ ಬಂದ ಹಣ ಮೊದಲ ಬಾರಿಗೆ 25 ಸಾವಿರ ಕೋಟಿ ದಾಟಿತ್ತು.

ಅಂದರೆ ಐನೂರು, ಸಾವಿರ ಹಾಕುವ ಲಕ್ಷಾಂತರ ಜನ ಸೇರಿ ಕೆರೆಯ ಏರಿಗೆ ಮಣ್ಣು ಹೊತ್ತಿದ್ದೇವೆ. ಇದು ಹೆಮ್ಮೆಯ ಮಾತು, ಎಚ್ಚರಿಕೆಯ ಮಾತೂ ಹೌದು. ಹೊರಗಿನವರು ಮಾರುವ ದುಬಾರಿ ಷೇರನ್ನು ಕೊಳ್ಳುತ್ತಿರುವುದು ನಮ್ಮ ಉಳಿತಾಯ ಎಂಬುದನ್ನು ಮರೆಯಬಾರದು.

ಹಾಗಾದರೆ ನಮಗೆ ಇದರಿಂದ ಏನು ಪಾಠ? ಮೊದಲನೆಯದು, ‘ನಾಲ್ಕು ದೇಶದ ಫಂಡ್‌ನಲ್ಲಿ ಹಾಕಿದರೆ ಅಪಾಯ ಹಂಚಿಹೋಗುತ್ತದೆ’ ಎಂಬ ಮಾತು ದೀರ್ಘಾವಧಿಗೆ ನಿಜ. ಆದರೆ ಭಯದ ವಾರದಲ್ಲಿ ನಾಲ್ಕೂ ಒಟ್ಟಿಗೆ ಬೀಳಬಹುದು. ಕಾಲೇಜು ಶುಲ್ಕ, ಅಪ್ಪನ ಆಸ್ಪತ್ರೆ ಖರ್ಚು, ತಂಗಿಯ ಮದುವೆಯ ದುಡ್ಡು ಷೇರುಪೇಟೆಯಲ್ಲಿ ಇರಬಾರದು, ಅದಕ್ಕೆ ಬ್ಯಾಂಕೇ ಲೇಸು.

ಎರಡನೆಯದು, ಸಾಲದ ದುಡ್ಡಲ್ಲಿ ಆಟ ಬೇಡ. ಬ್ಯಾಂಕಾಕ್‌ನ ಹಣಕಾಸು ಕಂಪನಿಗಳನ್ನು ಮುಳುಗಿಸಿದ್ದು ಪೇಟೆಯಲ್ಲ, ಬೇಗ ತೀರಿಸಬೇಕಾದ ಸಾಲ. ಯೆನ್ ಸಾಲ ಮಾಡಿದವರ ಕಥೆಯೂ ಅದೇ. ಕೈಯಲ್ಲಿ ಸ್ವಲ್ಪ ಹಣ ಇಟ್ಟುಕೊಂಡು ದೊಡ್ಡ ಬಾಜಿ ಕಟ್ಟುವ ಫ್ಯೂಚರ್ಸ್, ಆಪ್ಷನ್ಸ್ ವಹಿವಾಟಿಗೂ ಇದೇ ಗುಣವಿದೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ವರ್ಷಗಳಲ್ಲಿ ಇಲ್ಲಿ ವಹಿವಾಟು ನಡೆಸಿದ ಬಿಡಿ ಹೂಡಿಕೆದಾರರಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದ್ದಾರೆ. 2023–24ರಲ್ಲಿ ಈ ವಹಿವಾಟು ನಡೆಸಿದವರಲ್ಲಿ ಶೇ 43 ಮಂದಿ 30 ವರ್ಷದೊಳಗಿನವರು. ಅಂದರೆ ನಮ್ಮದೇ ವಾರಗೆಯವರು.

ಮೂರನೆಯದು ತಾಳ್ಮೆ. ಆಗಸ್ಟ್ 5ರಂದು ಅಷ್ಟೊಂದು ಬಿದ್ದ ನಿಕ್ಕಿ ಮರುದಿನವೇ ಶೇ 10ರಷ್ಟು ಎದ್ದಿತು. ಗಾಬರಿಯಲ್ಲಿ ಮಾರಿದವರಿಗೆ ಉಳಿದದ್ದು ನಷ್ಟ. ಹಾಗೆಂದು ಪ್ರತಿ ಕುಸಿತವೂ ಮರುದಿನವೇ ಸರಿಯಾಗುತ್ತದೆ ಎಂದಲ್ಲ. 1989ರ ಕೊನೆಯಲ್ಲಿ ತಲುಪಿದ್ದ ಎತ್ತರವನ್ನು ಇದೇ ನಿಕ್ಕಿ ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ಆದ್ದರಿಂದಲೇ, ಕಾಯಲು ಸಾಧ್ಯವಿರುವ ದುಡ್ಡನ್ನು ಮಾತ್ರ ಪೇಟೆಗೆ ಹಾಕಬೇಕು.

ನಮ್ಮ ಬಾಗಿಲು ಇನ್ನಷ್ಟು ತೆರೆಯಲಿದೆ. 2024ರ ಜೂನ್‌ನಿಂದ ಭಾರತ ಸರ್ಕಾರದ ಬಾಂಡುಗಳು ಜೆ.ಪಿ. ಮಾರ್ಗನ್‌ನ ಜಾಗತಿಕ ಸೂಚ್ಯಂಕ ಸೇರಿವೆ, ಆ ದಾರಿಯಲ್ಲೂ ಹೊರಗಿನ ಹಣ ಬರುತ್ತಿದೆ. ಬರಲಿ, ರಸ್ತೆಗೂ ಕಾರ್ಖಾನೆಗೂ ಬಂಡವಾಳ ಬೇಕು. ಆದರೆ ಪ್ರತಿ ಸಲ ‘ವಿದೇಶಿ ಹೂಡಿಕೆ ದಾಖಲೆ’ ಎಂಬ ಸುದ್ದಿ ಓದಿದಾಗ ಎರಡು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಳ್ಳೋಣ: ಬಂದದ್ದು ಪಾಲೋ, ಸಾಲವೋ? ಅದು ಎಷ್ಟು ದಿನ ಇರಲು ಬಂದಿದೆ? ಹಿಂದೆ ಊರಿನ ಕೆರೆಗೆ ನೀರುಗಂಟಿ ಇರುತ್ತಿದ್ದ. ಇವತ್ತಿನ ನೀರುಗಂಟಿಗಳು ಆರ್‌ಬಿಐ, ಸೆಬಿ. ಅವರು ತೂಬನ್ನು ಎಷ್ಟು ಎತ್ತುತ್ತಾರೆ ಎಂದು ನೋಡುತ್ತಿರಬೇಕಾದವರು ಕೆರೆಯ ಕೆಳಗೆ ಗದ್ದೆ ಇರುವ ನಾವು.